ಊರಿಗೆ ಹೋಗುವ ತನಕ ಯಾಕೆ ಕಾಯಬೇಕು?

ಮಾನ್ಯ ಸಂಪಾದಕರೇ,

ಮುಂಬಯಿಯಲ್ಲಿ ನಮ್ಮವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ರಿಟೈರ್ ಆದ ಮೇಲೆ ಊರಿಗೆ ಹೋಗಿಬಿಡುವುದು, ತೋಟ ಮಾಡುವುದು, ಒಂದು ದನ ಸಾಕುವುದು, ಬೇಕಾದ ತರಕಾರಿ ನಾವೇ ಬೆಳೆದು ತಿನ್ನುವುದು. ತುಂಬಾ ಒಳ್ಳೆಯ ಆಸೆ. ಆದರೆ ಅದಕ್ಕೆ ಅರವತ್ತು ವರ್ಷ ತುಂಬಬೇಕಾಗಿಲ್ಲ, ಆಸ್ತಿ ಪಾಲಾಗುವ ತನಕ ಕಾಯಬೇಕಾಗಿಯೂ ಇಲ್ಲ. ಆ ಸುಖದ ದೊಡ್ಡ ಪಾಲು ಇಲ್ಲೇ, ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲೇ ಸಿಗುತ್ತದೆ ಅಂತ ಹೇಳಲಿಕ್ಕೇ ಈ ಪತ್ರ.

ಬಸಳೆಯನ್ನೇ ತೆಗೆದುಕೊಳ್ಳಿ. ಗೇಣುದ್ದದ ದಂಟು, ಮೂರು ಗಂಟು ಇದ್ದರೆ ಸಾಕು. ಪೇಂಟಿನ ಹಳೆ ಬಕೆಟ್ಟಿನ ಅಡಿಗೆ ತೂತು ಕೊರೆದು, ಎರಡು ಗಂಟು ಒಳಗೆ ಹೋಗುವ ಹಾಗೆ ನೆಟ್ಟು, ಅಕ್ಕಿ ತೊಳೆದ ನೀರು ಹಾಕುತ್ತಾ ಬಂದರೆ ಮಳೆಗಾಲದಲ್ಲಿ ಅದು ಹಬ್ಬುವ ಚಂದ ನೋಡಬೇಕು. ತುದಿ ಚಿವುಟಿದಷ್ಟೂ ಪಕ್ಕದಿಂದ ಹೊಸ ಕುಡಿ. ನಮ್ಮ ಬಸಳೆ ನೀರಿನ ಟ್ಯಾಂಕಿಯ ಏಣಿ ಹಿಡಿದು ಮೇಲೆ ಹೋಗಿದೆ. ಬೆಳಿಗ್ಗೆ ಕೊಯ್ದ ದಂಟು ಮುರಿದರೆ ಲೋಳೆ ಬೆರಳಿಗೆ ಅಂಟುತ್ತದೆ, ಎಲೆ ದಪ್ಪ ದಪ್ಪ, ಮಧ್ಯಾಹ್ನಕ್ಕೆ ಹೆಸರುಕಾಳು ಹಾಕಿ ಗಸಿ ಮಾಡಿದರೆ ಆ ರುಚಿ ಮಾರ್ಕೆಟಿನ ಬಾಡಿದ ಕಟ್ಟಿನಲ್ಲಿ ಎಲ್ಲಿ ಬರಬೇಕು? ಆಟಿ ತಿಂಗಳ ಮಳೆಯಲ್ಲಿ ಪತ್ರೊಡೆಗೆ ಕೆಸುವಿನ ಎಲೆಯೂ ಟೆರೇಸಿನದೇ.

ಬಿಲ್ಡಿಂಗಿನ ಸೊಸೈಟಿಯವರ ಭಯ ಎರಡು. ಭಾರ ಆಗುತ್ತದೆ, ಸೋರುತ್ತದೆ. ಸುಮ್ನೆ ತಳ್ಳಿಹಾಕುವ ಭಯ ಅಲ್ಲ ಅದು, ಮುಂಬಯಿ ಮಳೆಗೆ ಮೇಲಿನ ಮಹಡಿಯವರ ಪಾಡು ಏನು ಅಂತ ನಮಗೆಲ್ಲ ಗೊತ್ತಲ್ವಾ. ಆದರೆ ಕುಂಡ ತುಂಬ ಮಣ್ಣೇ ಬೇಕು ಅಂತ ಏನೂ ಇಲ್ಲ. ಕೃಷಿಯಲ್ಲಿ ಹೊಸ ಪ್ರಯೋಗ ಮಾಡಿದ ಕೊಲ್ಹಾಪುರದ ಶ್ರೀಪಾದ ದಾಭೋಲ್ಕರ್ ತೋರಿಸಿಕೊಟ್ಟ ದಾರಿಯಲ್ಲಿ ಒಣ ಎಲೆ, ಕಬ್ಬಿನ ಸಿಪ್ಪೆಯೇ ಹೆಚ್ಚು, ಮಣ್ಣು ಕಡಿಮೆ. ಮುಂಬಯಿ ಪೋರ್ಟ್ ಟ್ರಸ್ಟಿನ ಕ್ಯಾಂಟೀನ್ ಅಡುಗೆಮನೆಯ ಮೇಲೆ ಇದೇ ರೀತಿ ತೋಟ ಎಬ್ಬಿಸಿ ಎಷ್ಟೋ ವರ್ಷ ಆಯಿತು. ಕಬ್ಬಿನ ಹಾಲಿನ ಅಂಗಡಿಯವನು ಸಿಪ್ಪೆಯನ್ನು ಹೇಗೂ ಬಿಸಾಡುವವನೇ, ಕೇಳಿದರೆ ಗೋಣಿ ತುಂಬಿಸಿ ಕೊಡುತ್ತಾನೆ. ಅದನ್ನು ಸೆಗಣಿ, ಬೆಲ್ಲದ ನೀರಿನಲ್ಲಿ ನೆನೆಸಿ ಕೊಳೆಯಲು ಬಿಟ್ಟರೆ ಹಗುರವಾದ ಕಪ್ಪು ಗೊಬ್ಬರ ಆಗುತ್ತದೆ. ಬಕೆಟ್ಟನ್ನು ನೆಲಕ್ಕೆ ಇಡದೆ ಇಟ್ಟಿಗೆಯ ಮೇಲೆ ಇಡಿ, ನೀರು ಹೋಗುವ ಕಿಂಡಿಯಲ್ಲಿ ಎಲೆ ಕಟ್ಟದ ಹಾಗೆ ನೋಡಿಕೊಳ್ಳಿ. ಅಷ್ಟೇ.

ಅಡುಗೆಮನೆಯ ಸಿಪ್ಪೆ, ಚಹಾ ಪುಡಿ ಕೂಡ ಇದಕ್ಕೇ ಹೋಗುತ್ತದೆ. ವಾಸನೆ ಬಂದರೆ ಒದ್ದೆ ಜಾಸ್ತಿಯಾಗಿದೆ ಅಂತ ಅರ್ಥ, ಎರಡು ಹಿಡಿ ಒಣ ಎಲೆ ಹಾಕಿ ತಿರುವಿದರೆ ಸರಿಹೋಗುತ್ತದೆ. ದೇವನಾರ್‌ನಲ್ಲಿ 1927ರಿಂದ ಈ ಊರಿನ ಕಸ ಸುರಿಯುತ್ತಾ ಬಂದಿದ್ದಾರೆ. 2016ರ ಜನವರಿಯಲ್ಲಿ ಆ ಗುಡ್ಡೆಗೆ ಬೆಂಕಿ ಬಿದ್ದು ಊರಿಗೆಲ್ಲ ಹೊಗೆ ಮುಚ್ಚಿದ್ದು ಯಾರೂ ಮರೆತಿರಲಿಕ್ಕಿಲ್ಲ. ಅದರ ಪಕ್ಕದಲ್ಲೇ ಮಕ್ಕಳು ಮರಿ ಕಟ್ಟಿಕೊಂಡು ಬದುಕುವವರಿದ್ದಾರೆ. ನಮ್ಮ ಮನೆಯ ಬಾಳೆಹಣ್ಣಿನ ಸಿಪ್ಪೆ ಅಲ್ಲಿಗೆ ಯಾಕೆ ಹೋಗಬೇಕು?

ಮಳೆನೀರಿನ ಲೆಕ್ಕ ಇನ್ನೂ ಸುಲಭ. ನೂರು ಚದರ ಮೀಟರ್ ಟೆರೇಸಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್ ನೀರು. ಮುಂಬಯಿಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಲೆಕ್ಕ ನೀವೇ ಹಾಕಿ ನೋಡಿ. ಮೇ ತಿಂಗಳು ಬಂತೆಂದರೆ ನೀರು ಕಟ್, ಟ್ಯಾಂಕರ್ ಅಂತ ಪರದಾಡುವವರೂ ನಾವೇ.

ಇದರಿಂದ ಮನೆಖರ್ಚು ಅರ್ಧಕ್ಕೆ ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಕ್ಕಿ, ಬೇಳೆ, ತೆಂಗಿನಕಾಯಿ ಅಂಗಡಿಯಿಂದಲೇ ಬರಬೇಕು. ಸಿಗುವುದು ಬೇರೆಯೇ. ಲೋಕಲ್ ಟ್ರೈನಿನಲ್ಲಿ ನಜ್ಜುಗುಜ್ಜಾಗಿ ಬಂದವನು ಬ್ಯಾಗ್ ಇಟ್ಟು ಮೇಲೆ ಹೋಗಿ, ನಿನ್ನೆ ಇಲ್ಲದ ಅಲಸಂಡೆಯ ಹೂವು ಇವತ್ತು ಬಂದಿದೆಯಾ ಅಂತ ಹುಡುಕುವ ಆ ಅರ್ಧ ಗಂಟೆ ಇದೆಯಲ್ಲ, ಅದಕ್ಕೆ ಬೆಲೆ ಕಟ್ಟಲಿಕ್ಕೆ ಆಗುವುದಿಲ್ಲ. ನಮ್ಮ ಮಕ್ಕಳು ತಿನ್ನದ ತೊಂಡೆಕಾಯಿಯನ್ನು ಈಗ ತಾವೇ ಕೊಯ್ದು ತರುತ್ತಾರೆ.

ಜಾಗ ಸರಿ ಇಲ್ಲ ಅನ್ನುವವರಿಗೆ ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರನ್ನು ನೆನಪಿಸಬೇಕು. ಕೂಲಿ ಮಾಡುತ್ತಿದ್ದ ಅವರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಮೊದಲ ಕೆಲವು ಸುರಂಗಗಳಲ್ಲಿ ನೀರು ಸಿಗಲಿಲ್ಲ, ಆದರೂ ಬಿಡದೆ ಕೊರೆದು ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮಗೋ, ಬಿಸಿಲು ಬೀಳುವ ಟೆರೇಸು ತಯಾರಾಗಿಯೇ ಇದೆ.

ಮುಂಬಯಿಯ ಕನ್ನಡ ಸಂಘಗಳಿಗೆ, ಜಾತಿ ಸಂಘಗಳಿಗೂ, ನನ್ನದೊಂದು ವಿನಂತಿ. ಸನ್ಮಾನ, ಯಕ್ಷಗಾನ, ಅರಿಶಿನ ಕುಂಕುಮ ಎಲ್ಲ ನಡೆಯಲಿ. ಜೊತೆಗೆ ಜೂನ್ ಮೊದಲ ವಾರದಲ್ಲಿ ಒಂದು ಭಾನುವಾರ ಬೀಜ, ಗೆಡ್ಡೆ, ದಂಟು ಹಂಚಿಕೊಳ್ಳುವ ಕಾರ್ಯಕ್ರಮ ಇಟ್ಟುಕೊಳ್ಳಿ. ಮೇ ರಜೆ ಮುಗಿಸಿ ಊರಿನಿಂದ ಬರುವಾಗ ಹಲಸಿನ ಹಪ್ಪಳ, ಕುಚ್ಚಲಕ್ಕಿ ತರುವವರು ನಾಲ್ಕು ಬಸಳೆ ದಂಟು, ಒಂದು ಪೊಟ್ಟಣ ಹರಿವೆ ಬೀಜ ಕೂಡ ತನ್ನಿ. ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ಮತ್ಸ್ಯಗಂಧ ರೈಲಿನಲ್ಲಿ ಒಂದು ರಾತ್ರಿ ದಂಟು ಬಾಡುವುದಿಲ್ಲ. ಯಾವ ಸಂಘದವರು ಕರೆದರೂ ನಮ್ಮ ಟೆರೇಸಿನ ಬಸಳೆ, ಒಂದೆಲಗ ಹಿಡಿದುಕೊಂಡು ನಾನು ಬರುತ್ತೇನೆ.

– ಒಬ್ಬ ಓದುಗ, ಮುಲುಂಡ್, ಮುಂಬಯಿ