ಡಿಫೆಂಡರ್ ಬಾಲ್ ಇಟ್ಕೊಂಡು ನಿಂತ್ರೆ ಬೈಬೇಡಿ

ಸಂಪಾದಕರೇ,

ಹೋದ ವಾರ ಇದೇ ಕಾಲಮ್ಮಲ್ಲಿ ಓದುಗರೊಬ್ಬರು, ಫುಟ್‌ಬಾಲಲ್ಲಿ ಡಿಫೆಂಡರ್‌ಗಳು ಹಿಂದೆ ನಿಂತ್ಕೊಂಡು ಪಾಸ್ ಆಡ್ತಾ ಟೈಮ್ ಪಾಸ್ ಮಾಡ್ತಾರೆ, ಬಾಲ್ ಬಂದ ತಕ್ಷಣ ಎತ್ತಿ ಆಚೆ ಹೊಡೀಬೇಕು ಅಂತ ಬರೆದಿದ್ರು. ಓದಿ ನಗು ಬಂತು, ಯಾಕಂದ್ರೆ ಇಂಗ್ಲೆಂಡಿನ ಡಿಫೆಂಡರ್ ಜಾನ್ ಸ್ಟೋನ್ಸ್ ಎವರ್ಟನ್ ಕ್ಲಬ್ಬಲ್ಲಿದ್ದಾಗ ನಾನೂ ಟಿವಿ ಮುಂದೆ ಕೂತು ಹಿಂಗೇ ಬೈತಿದ್ದೆ. 2016ರ ಜನವರೀಲಿ ಟಾಟನ್‌ಹ್ಯಾಮ್ ಮೇಲಿನ ಮ್ಯಾಚಲ್ಲಿ ಆಸಾಮಿ ತನ್ನ ಪೆನಾಲ್ಟಿ ಬಾಕ್ಸ್ ಒಳಗೇ ಬಾಲನ್ನ ಕಾಲ ಹಿಂದಿಂದ ತಿರುಗಿಸಿ ಎದುರಾಳೀನ ಏಮಾರಿಸಿದ, ಎವರ್ಟನ್ ಕಡೆ ಜನಾನೇ ಜೀವ ಬಾಯಿಗೆ ಬಂದು ಕೂಗಾಡಿದ್ರೆ ಇವನು ಕೈ ಸನ್ನೇಲಿ ಸಮಾಧಾನ ಸಮಾಧಾನ ಅಂದ. ಅದೇ ಆಗಸ್ಟಲ್ಲಿ ಕೋಚ್ ಗಾರ್ಡಿಯೋಲಾ ಇವನನ್ನ 47.5 ಮಿಲಿಯನ್ ಪೌಂಡಿಗೆ ಮ್ಯಾಂಚೆಸ್ಟರ್ ಸಿಟಿಗೆ ಕರೆಸ್ಕೊಂಡಾಗ, ಈ ತರ್ಲೆಗೆ ಇಷ್ಟು ದುಡ್ಡಾ ಅಂದ್ಕೊಂಡಿದ್ದೆ.

ಆಮೇಲೆ ನೋಡ್ತಾ ನೋಡ್ತಾ ಅರ್ಥ ಆಯ್ತು. ಸಿಟಿ ಥರ ಬಾಲ್ ತಮ್ಮತ್ರಾನೇ ಇಟ್ಕೊಂಡು ಆಡೋ ಟೀಮಿನ ಮುಂದೆ ಎದುರಿನವರು ಎಲ್ಲಾ ಹಿಂದೆ ಹೋಗಿ ಗೋಡೆ ಕಟ್ಟಿ ನಿಲ್ತಾರೆ, ನುಗ್ಗೋಕೆ ಜಾಗಾನೇ ಇರಲ್ಲ. ಅದಕ್ಕೆ ಅವರಲ್ಲಿ ಒಬ್ಬನಿಗೆ ಆಸೆ ತೋರಿಸಿ ಈಚೆ ಎಳೀಬೇಕು. ಸ್ಟೋನ್ಸ್ ಬಾಲ್ ಮೇಲೆ ಬೂಟಿಟ್ಟು ಸುಮ್ನೆ ನಿಂತಿರ್ತಾನೆ, ಪಾಸ್ ಕೊಡಲ್ಲ, ಅತ್ತಿತ್ತ ನೋಡ್ತಾನೆ, ಕೊನೆಗೆ ಎದುರಿನ ಸ್ಟ್ರೈಕರ್ ತಡೀಲಾರದೆ ಓಡಿ ಬರ್ತಾನೆ, ಬಂದನೋ ಇಲ್ವೋ ಅವನ ಬೆನ್ನ ಹಿಂದೆ ಖಾಲಿಯಾದ ಜಾಗದಲ್ಲಿರೋ ಸಿಟಿ ಮಿಡ್‌ಫೀಲ್ಡರ್ ರೊಡ್ರಿಗೆ ಬಾಲ್ ಹೋಗಿರುತ್ತೆ. ಟೈಮ್ ಪಾಸ್ ಅಲ್ಲ ಸ್ವಾಮಿ, ಗಾಳ ಹಾಕಿ ಕೂತಿರೋದು.

2022-23ರಲ್ಲಂತೂ ಬಾಲ್ ತಮ್ಮತ್ರ ಇದ್ದಾಗ ಇವನು ಮಿಡ್‌ಫೀಲ್ಡಿಗೇ ಹೋಗಿ ರೊಡ್ರಿ ಪಕ್ಕ ನಿಲ್ತಿದ್ದ, ಕಳ್ಕೊಂಡ ತಕ್ಷಣ ವಾಪಸ್ ಡಿಫೆನ್ಸಿಗೆ. ಆ ವರ್ಷ ಸಿಟಿ ಮೂರು ಕಪ್ ಎತ್ತಿದ್ದು ಎಲ್ರಿಗೂ ಗೊತ್ತು. ಇಸ್ತಾಂಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲಲ್ಲಿ 68ನೇ ನಿಮಿಷದ ಗೋಲ್ ರೊಡ್ರಿದು ಸರಿ, ಆದ್ರೆ ಹಿಂದಿಂದ ಬಾಲ್ ತಂದು ಎದುರಾಳಿ ಇಂಟರ್ ಮಿಲಾನ್ ಡಿಫೆನ್ಸ್ ಸೀಳಿ ಬರ್ನಾರ್ಡೊ ಸಿಲ್ವಾಗೆ ಕೊಟ್ಟಿದ್ದು ಅಕಾಂಜಿ, ಅವನೂ ಡಿಫೆಂಡರ್ರೇ.

ರಿಸ್ಕ್ ಇಲ್ವಾ? ಇದೆ. 2019ರಲ್ಲಿ ಯುರೋಪಿನ ದೇಶಗಳ ನೇಷನ್ಸ್ ಲೀಗ್ ಸೆಮಿಫೈನಲ್ಲಲ್ಲಿ ನೆದರ್ಲೆಂಡ್ಸ್‌ನ ಡಿಪಾಯ್ ಸ್ಟೋನ್ಸ್ ಕಾಲಿಂದ ಬಾಲ್ ಕಿತ್ಕೊಂಡ, ಇಂಗ್ಲೆಂಡ್ ನೆದರ್ಲೆಂಡ್ಸ್‌ಗೆ 3-1ರಲ್ಲಿ ಸೋತಿತು, ತಪ್ಪು ಇವನ್ದೇ. ಆದ್ರೆ ಅದೇ ವರ್ಷ ಜನವರೀಲಿ ಲಿವರ್‌ಪೂಲ್ ಮೇಲೆ ಗೋಲ್ ಲೈನ್ ದಾಟೋಕೆ ಒಂದು ಸೆಂಟಿಮೀಟರ್ ಚಿಲ್ಲರೆ ಬಾಕಿ ಇರೋವಾಗ ಬಾಲ್ ಎತ್ತಿ ಆಚೆ ಹಾಕಿದ್ದೂ ಇವನೇ, ಸಿಟಿ ಆ ಸಲ ಲೀಗ್ ಗೆದ್ದಿದ್ದು ಒಂದೇ ಪಾಯಿಂಟಲ್ಲಿ. ಅಂದ್ರೆ ಎತ್ತಿ ಹೊಡೆಯೋದು ಗೊತ್ತಿಲ್ದೇ ಏನಲ್ಲ, ಯಾವಾಗ ಹೊಡೀಬೇಕು ಅಂತ ಗೊತ್ತು.

ನನ್ ಮಗನೂ ಸ್ಟಾಪರ್ ಬ್ಯಾಕ್, ಅಂದ್ರೆ ಡಿಫೆನ್ಸ್ ನಡುವೆ ಆಡೋನು, ಹದಿಮೂರು ವರ್ಷ. ಹೋದ ತಿಂಗಳು ಒಂದು ಮ್ಯಾಚಲ್ಲಿ ಎರಡು ಸೆಕೆಂಡ್ ಬಾಲ್ ಇಟ್ಕೊಂಡು ನಿಂತಿದ್ದಕ್ಕೆ ಕೋಚ್ ಲೈನಾಚೆಯಿಂದ ಹೊಡಿಯೋ, ಎತ್ತಿ ಹೊಡಿಯೋ ಅಂತ ಕಿರುಚಿದ್ರು. ಹೊಡೆದ. ಬಾಲ್ ಸೀದಾ ಎದುರು ಟೀಮಿನ ಹುಡುಗನ ಎದೆ ಮೇಲೆ ಬಿತ್ತು, ಮತ್ತೆ ನಮ್ ಗೋಲ್ ಕಡೇಗೇ ಅಟ್ಯಾಕು.

ನಿಮ್ಮ ಸ್ಪೋರ್ಟ್ಸ್ ಪೇಜಿನವರಿಗೂ ಒಂದು ಮಾತು, ಗೋಲ್ ಹೊಡೆದೋನ ಫೋಟೋ ದೊಡ್ಡದಾಗೇ ಹಾಕಿ, ಬೇಡ ಅನ್ನಲ್ಲ, ಕೆಳಗೆ ಆ ಬಾಲ್ ಯಾರ ಕಾಲಿಂದ ಹೊರಟಿತ್ತು ಅಂತ ಎರಡು ಸಾಲು ಸೇರಿಸಿ.

– ಒಬ್ಬ ಓದುಗ, ಬೆಂಗಳೂರು