ಪೂಜೆ ಅಂದರೆ ಏನಮ್ಮ ಅಂದೆಯಲ್ಲ

ಪುಟ್ಟಿ,

ನಿಮ್ಮೂರಿನ ಮೇಯರನ್ನು ಯಾವುದೋ ಸಮಾರಂಭದಲ್ಲಿ ‘ಯುವರ್ ವರ್ಶಿಪ್’ ಅಂತ ಕರೆದರು, ಅವರಿಗೇನು ಆರತಿ ಎತ್ತುತ್ತಾರಾ ಅಂತ ಫೋನಲ್ಲಿ ನಕ್ಕೆಯಲ್ಲ. ಆಮೇಲೆ ‘ನಮ್ಮ ಪೂಜೆ ಅನ್ನೋ ಮಾತು ಎಲ್ಲಿಂದ ಬಂತಮ್ಮ?’ ಅಂದೆ. ಒಲೆ ಮೇಲೆ ಹಾಲಿತ್ತು, ಫೋನ್ ಇಟ್ಟುಬಿಟ್ಟೆ. ಈಗ ಬಿಡುವಾಗಿದೆ, ಬರೆಯುತ್ತಿದ್ದೇನೆ.

ಇಂಗ್ಲಿಷಿನದು ಸುಲಭ. ವರ್ತ್ ಅಂದರೆ ಬೆಲೆ, ಯೋಗ್ಯತೆ. ಅದಕ್ಕೆ ಶಿಪ್ ಸೇರಿತು, ಫ್ರೆಂಡ್‌ಶಿಪ್‌ನಲ್ಲಿ ಸೇರಿದ ಹಾಗೆ. ಮೊದಲು ಅದು ಮನುಷ್ಯರಿಗೆ ಕೊಡುವ ಮರ್ಯಾದೆ. ದೇವರ ಪಾಲಾದದ್ದು ಆಮೇಲೆ. 1549ರಲ್ಲಿ ಇಂಗ್ಲೆಂಡಿನ ಚರ್ಚು ಅಚ್ಚು ಹಾಕಿಸಿದ ಮದುವೆ ವಿಧಿಯಲ್ಲಿ, ಗಂಡು ಹೆಣ್ಣಿಗೆ ‘ನನ್ನ ದೇಹದಿಂದ ನಿನ್ನನ್ನು ವರ್ಶಿಪ್ ಮಾಡುತ್ತೇನೆ’ ಅನ್ನುತ್ತಾನೆ. ನಿಮ್ಮಪ್ಪನಿಗೆ ಹೇಳಿದೆ. ‘ನಮ್ಮಲ್ಲಿರೋದು ವರಪೂಜೆ’ ಅಂತ ಪೇಪರ್ ಮಗುಚಿದರು.

ನಮ್ಮದು ಅಷ್ಟು ಸಲೀಸಲ್ಲ. ಪೂಜೆ ಸಂಸ್ಕೃತದ್ದು ಅಂತಲೇ ನಾವು ಓದಿದ್ದು. ಆದರೆ ವೇದದ ಕಾಲದಲ್ಲಿ ಜೋರಾಗಿದ್ದದ್ದು ಯಜ್ಞ: ಬೆಂಕಿ, ತುಪ್ಪ. ಹೂವು, ನೀರು, ವಿಗ್ರಹ ಬಂದದ್ದು ಆಮೇಲೆ. ಅದಕ್ಕೇ ಕೆಲವು ಪಂಡಿತರು ನಮ್ಮ ದ್ರಾವಿಡ ಭಾಷೆಗಳಲ್ಲಿ ಹುಡುಕಿದರು. ಕಾಲಿನ್ಸ್ ಎಂಬವರು ಪೂ, ಚೆಯ್ ಎರಡೂ ಸೇರಿದ್ದು, ಅಂದರೆ ಹೂವಿನಿಂದ ಮಾಡುವುದು ಅಂದರು. ಹಳಗನ್ನಡದಲ್ಲಿ ಹೂವು ಪೂವೇ ಅಲ್ವಾ? ಸ್ವೀಡನ್ನಿನ ಚಾರ್ಪೆಂಟಿಯರ್ ಎಂಬವರು, ಅಲ್ಲ, ಅದು ಪೂಸು, ಬಳಿಯುವುದು ಅಂದರು. (ಹೊಸಗನ್ನಡದಲ್ಲಿ ಪಕಾರ ಹಕಾರ ಆಗುತ್ತದೆ. ಪೂಸು ಏನಾಗುತ್ತದೆ ಅಂತ ಗಟ್ಟಿಯಾಗಿ ಹೇಳಬೇಡ.) ಸಂಸ್ಕೃತದ್ದೇ ಬೇರು ತೋರಿಸುವವರೂ ಇದ್ದಾರೆ. ಜಗಳ ಇನ್ನೂ ಮುಗಿದಿಲ್ಲ.

ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ನಿಮ್ಮಜ್ಜಿ. ಶುಕ್ರವಾರ ಬೆಳಗ್ಗೆ ಸೆರಗು ಸಿಕ್ಕಿಸಿಕೊಂಡು ಹೊಸ್ತಿಲ ಮುಂದೆ ಕೂರುತ್ತಿದ್ದರು. ಅರಿಶಿನ ಕಲಸಿ, ನಾಲ್ಕು ಬೆರಳಲ್ಲಿ ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. ಅದು ಒಣಗುವ ಮೊದಲೇ ಕುಂಕುಮ. ಎರಡೂ ಕೊನೆಗೆ ಒಂದೊಂದು ದಾಸವಾಳ. ಪೂಸುವುದೂ ಆಯ್ತು, ಪೂ ಇಡುವುದೂ ಆಯ್ತು. ಬಾಯಲ್ಲಿ ಮಂತ್ರವಿಲ್ಲ, ‘ಹಾಲಿನವನು ಬಂದ್ನೇನೇ?’ ಅಷ್ಟೇ. ನನ್ನ ಓಟು ಪೂಸುವುದಕ್ಕೆ. ಹೂವು ಸಿಗದ ದಿನವೂ ಅವರು ಅರಿಶಿನ ಬಿಟ್ಟವರಲ್ಲ.

ಇನ್ನೊಂದು ಹೇಳಬೇಕು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1986ರಲ್ಲಿ ಕಾಳಿ ಗುಡಿಯ ಮಾಡು ಕುಸಿದು ವಿಗ್ರಹ ಹಾಳಾಯಿತು. ಆಮೇಲೆ ಪೀಠದ ಕಲ್ಲು ನೋಡಿದರೆ ಅದು ಅಶೋಕನ ಶಾಸನ! ವಿಗ್ರಹ ನಿಲ್ಲಿಸಲು ಅಕ್ಷರಗಳ ನಡುವೆಯೇ ಚೌಕದ ತೂತು ಕೊರೆದಿದ್ದರು. ಪಂಡಿತರು ಸಂಖ್ಯೆ ಹಾಕಿಟ್ಟಿರುವ ಅವನ ಬಂಡೆ ಶಾಸನಗಳಲ್ಲಿ 12ನೆಯದೂ ಈ ಕಲ್ಲಿನಲ್ಲಿದೆ. ಎಲ್ಲ ಪಂಥದವರನ್ನೂ, ಸನ್ಯಾಸಿಗಳನ್ನೂ ಸಂಸಾರಸ್ಥರನ್ನೂ ರಾಜ ದಾನದಿಂದ, ಬಗೆಬಗೆಯ ಪೂಜೆಯಿಂದ ಗೌರವಿಸುತ್ತಾನೆ ಅನ್ನುತ್ತದೆ ಆ 12ನೇ ಶಾಸನ. ಪೂಜೆ ಅನ್ನುವ ಮಾತೇ ಇದೆ, ಮನುಷ್ಯರಿಗೆ! ನಿಮ್ಮ ಮೇಯರಿಗೆ ಇನ್ನು ನಗಬೇಡ.

ಹಾಂ, ನಮ್ಮಲ್ಲಿ ಪೂಜೆಗೆ ಇನ್ನೊಂದು ಅರ್ಥವೂ ಇದೆ, ನಿನಗೆ ಚಿಕ್ಕಂದಿನಿಂದ ಗೊತ್ತಿರುವುದೇ. ಈ ಭಾನುವಾರ ಫೋನ್ ಮಾಡದಿದ್ದರೆ ಮಂಗಳಾರತಿ ಸಮೇತ ಅದು ನಡೆಯುತ್ತದೆ.

ನಿನ್ನ
ಅಮ್ಮ