ಪ್ಲಗ್ ಕಿತ್ತ ಅಪ್ಪನಿಂದ ಮಗಳಿಗೆ

ಸಾಧನಕೇರಿ, ಧಾರವಾಡ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಮಾಂಟ್ರಿಯಲ್ ತಲುಪಿದ ಸುದ್ದಿಯನ್ನು ನಿನ್ನ ಕಾಕಾನಿಂದ ತಿಳಿದೆ. ನನಗೆ ನೇರವಾಗಿ ತಿಳಿಸಲಿಲ್ಲವೆಂದು ದೂರುವ ಹಕ್ಕು ನನಗಿಲ್ಲ. ಹೊರಡುವ ಹಿಂದಿನ ರಾತ್ರಿ ಅಂಥ ಮಾತು ಕೇಳಿಸಿಕೊಂಡವರು ಯಾರೇ ಆದರೂ ಹಾಗೆಯೇ ಮಾಡುತ್ತಿದ್ದರು. ಫೋನು ಮಾಡಿದರೆ ನನ್ನ ದನಿ ಮತ್ತೆ ಏರೀತು ಎಂಬ ಅಂಜಿಕೆಯಿಂದ ಬರೆಯಲು ಕುಳಿತಿದ್ದೇನೆ. 34 ವರ್ಷ ಭೌತಶಾಸ್ತ್ರ ಕಲಿಸಿದವನಿಗೆ ಕಾಗದದ ಮುಂದೆ ಕುಳಿತಾಗ ಮಾತ್ರ ತಾಳ್ಮೆ ಬರುತ್ತದೆ ಎಂಬುದು ನಾಚಿಕೆಯ ಸಂಗತಿಯಾದರೂ ನಿಜ.

ಅಂದಿನ ಜಗಳವನ್ನು ಪೂರ್ತಿ ಹರವುವುದಿಲ್ಲ. ನೀನು ನಿನ್ನದೇ ಕಂಠದಲ್ಲಿ ಮಾತಾಡುವಂತೆ, ಹಾಡುವಂತೆ ಮಾಡಿಟ್ಟ ಆ ಪೆಟ್ಟಿಗೆ ‘ಅವ್ವಾ, ಊಟಾ ಆತೇನು?’ ಎಂದು ಕೇಳಿತು. ಆಗತಾನೇ ಅನ್ನ, ತೊವ್ವೆ ಉಂಡು ಕೈ ಒರೆಸಿಕೊಂಡಿದ್ದ ನಿನ್ನವ್ವ, ಮೆದುಳಿಗೆ ಪೆಟ್ಟಾದ ಮೇಲೆ ತನಗೆ ಉಳಿದಿರುವ ಒಂದೇ ಮಾತಿನಲ್ಲಿ, ‘ಇಲ್ಲ’ ಎಂದಳು. ಅದು ಅಷ್ಟೇ ಅಕ್ಕರೆಯಿಂದ ‘ಹಂಗಾರ ಉಣ್ಣವ್ವಾ’ ಎಂದಿತು. ಅವಳ ‘ಇಲ್ಲ’ದಲ್ಲಿ ಹೌದು, ಸಾಕು, ನೋವು, ಬಾ, ಹೋಗು ಎಲ್ಲವೂ ಇವೆಯೆಂದು ನಮ್ಮ ಮನೆಯ ಹಾಲಿನವನಿಗೂ ಗೊತ್ತು. ಅದಕ್ಕೇ ‘ಅದರಾಗ ಯಾರೂ ಇಲ್ಲ’ ಎಂದು ಕೂಗಿ ಪ್ಲಗ್ ಕಿತ್ತೆ. ಅಷ್ಟಕ್ಕೆ ನಿಂತಿದ್ದರೆ ನಾಳೆ ಸರಿಹೋಗುತ್ತಿತ್ತು. ನೀನು ತಣ್ಣಗೆ ಕೇಳಿದೆ: ‘ಅವ್ವನ ಒಳಗ ಅವ್ವ ಇದ್ದಾಳಂತ ನಿನಗ ಹೆಂಗ ಗೊತ್ತಪ್ಪಾ? ಆಕಿನೂ ಮಾತಾಡೂದಿಲ್ಲಲಾ.’

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಉತ್ತರವಲ್ಲ, ಬೈಗುಳ. ಅದಕ್ಕಾಗಿ ಕ್ಷಮಿಸು. ಆದರೆ ಪ್ರಶ್ನೆ ಒಂಬತ್ತು ದಿನಗಳಿಂದ ನನ್ನ ಜೊತೆಯೇ ಇದೆ. ಬೆಳಗಿನ ವಾಯುವಿಹಾರಕ್ಕೂ ಬರುತ್ತದೆ.

ನೀನು ಕ್ರೌರ್ಯದಿಂದ ಕೇಳಿದೆಯೆಂದು ಅಂದು ಅನ್ನಿಸಿತ್ತು. ಆಮೇಲೆ ಹಳೆಯ ಟಿಪ್ಪಣಿಗಳನ್ನು ತೆಗೆದು ನೋಡಿದಾಗ ನೀನು ಆಡಿದ್ದು ಬಹುಪಾಲು, ಗಣಕಶಾಸ್ತ್ರಕ್ಕೆ ಅಡಿಪಾಯ ಹಾಕಿದ ಗಣಿತಜ್ಞ ಅಲನ್ ಟ್ಯೂರಿಂಗ್‌ನ ಮಾತೇ ಎಂದು ತಿಳಿಯಿತು. 1949ರಲ್ಲಿ ಜೆಫರ್ಸನ್ ಎಂಬ ಶಸ್ತ್ರವೈದ್ಯ, ಯಂತ್ರವೊಂದು ತಾನು ಅನುಭವಿಸಿದ ಭಾವದಿಂದಲೇ ಪದ್ಯವನ್ನೋ ಸಂಗೀತವನ್ನೋ ರಚಿಸುವ ತನಕ ಅದನ್ನು ಮೆದುಳಿಗೆ ಸಮವೆಂದು ಒಪ್ಪಲಾಗದು ಎಂದಿದ್ದ. ಮರುವರ್ಷವೇ ಟ್ಯೂರಿಂಗ್ ಉತ್ತರಿಸಿದ: ಹಾಗಾದರೆ ಯಂತ್ರ ಯೋಚಿಸುತ್ತದೆಯೇ ಎಂದು ತಿಳಿಯಲು ನಾವೇ ಆ ಯಂತ್ರವಾಗಬೇಕು, ಪಕ್ಕದ ಮನುಷ್ಯನ ವಿಷಯದಲ್ಲಿಯೂ ಅದೇ ಕಷ್ಟ, ಎಲ್ಲರೂ ಯೋಚಿಸುತ್ತಾರೆಂದು ಸೌಜನ್ಯಕ್ಕಾಗಿ ಒಪ್ಪಿಕೊಂಡು ನಡೆಯುತ್ತೇವೆ ಅಷ್ಟೆ. ಎಷ್ಟು ಚೆಂದದ ಮಾತು! ಆದರೆ ಅವನ ಪರೀಕ್ಷೆಯನ್ನು ನೆನಪಿಸಿಕೋ. ಬೇರೊಂದು ಕೋಣೆಯಲ್ಲಿ ಕುಳಿತವರು ಟೈಪು ಮಾಡಿ ಕಳಿಸಿದ ಉತ್ತರಗಳನ್ನು ಓದಿ, ಯಾರು ಮನುಷ್ಯ, ಯಾವುದು ಯಂತ್ರ ಎಂದು ಹೇಳಬೇಕು. ಆ ಕೋಣೆಯಲ್ಲಿ ನಿನ್ನವ್ವನನ್ನೂ ನಿನ್ನ ಪೆಟ್ಟಿಗೆಯನ್ನೂ ಕೂರಿಸಿದರೆ ನಿನ್ನವ್ವ ಮೊದಲನೆಯ ಪ್ರಶ್ನೆಗೇ ಸೋಲುತ್ತಾಳೆ. ಮಾತು ಬಲ್ಲದ್ದು ಗೆಲ್ಲುತ್ತದೆ. ಅಂದಮೇಲೆ ಅಳತೆಗೋಲಿನಲ್ಲಿಯೇ ಏನೋ ಊನವಿದೆ ಎಂದು ನನಗೆ ತೋರುತ್ತದೆ. ಅದು ನನ್ನ ಹಟವೋ ತರ್ಕವೋ ನೀನೇ ಹೇಳು.

ಈಗ ನಿನಗೆ ಗೊತ್ತಿಲ್ಲದ ಒಂದು ಸಂಗತಿ. ಆಸ್ಪತ್ರೆಯ ಹನ್ನೊಂದನೆಯ ದಿನ ಅವ್ವ ಹಾಡಿದ್ದು ನಿನಗೆ ಗೊತ್ತು, ಫೋನಿನಲ್ಲಿ ಕೊನೆಯ ತುಣುಕನ್ನು ಕೇಳಿದ್ದೀಯೆ. ಅದರ ಹಿಂದುಮುಂದನ್ನು ನಾನು ಯಾರಿಗೂ ಹೇಳಿಲ್ಲ.

ಪಕ್ಕದ ಮಂಚದ ಮುದುಕನನ್ನು ನೋಡಿಕೊಳ್ಳಲು ಬಂದಿದ್ದ ಹೆಣ್ಣುಮಗಳೊಬ್ಬಳು ಎರಡು ಮಂಚಗಳ ನಡುವೆ ಚಾಪೆ ಹಾಸಿಕೊಂಡು ಕೂಸನ್ನು ಮಲಗಿಸುತ್ತಿದ್ದಳು. ಮಧ್ಯಾಹ್ನದ ಹೊತ್ತು. ಜೋಗುಳ ಹೇಳುತ್ತಿದ್ದಳು, ಸ್ವರ ಅಲ್ಲಲ್ಲಿ ಜಾರುತ್ತಿತ್ತು. ಎರಡನೆಯ ನುಡಿಗೆ ಅವಳ ದನಿಯ ಕೆಳಗೊಂದು ದನಿ ಸೇರಿಕೊಂಡಂತಾಯಿತು. ನಾನು ಪತ್ರಿಕೆಯಿಂದ ತಲೆ ಎತ್ತಿದೆ. ನಿನ್ನವ್ವ ಹಾಡುತ್ತಿದ್ದಳು. ಬರೀ ಸ್ವರವಲ್ಲ, ಶಬ್ದಗಳ ಸಮೇತ. ‘ತೊಟ್ಟಿಲು’ ಎಂಬುದರ ಒತ್ತಕ್ಷರಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ, ಹನ್ನೊಂದು ದಿನ ತನ್ನ ಹೆಸರನ್ನೂ ಹೇಳಲಾಗದೆ ‘ಇಲ್ಲ, ಇಲ್ಲ’ ಎನ್ನುತ್ತಿದ್ದವಳು ಇವಳೇನಾ ಎಂದು ನಾನು ಎದ್ದು ನಿಂತೆ. ಆ ಹೆಣ್ಣುಮಗಳು ಜಾಣೆ. ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ, ತನ್ನ ದನಿ ತಗ್ಗಿಸಿ ಅವ್ವನಿಗೆ ದಾರಿ ಬಿಟ್ಟಳು.

ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ನಾನು ಏನು ಮಾಡಿದೆ ಗೊತ್ತೇ? ನಿನಗೆ ಫೋನು ಹಚ್ಚಿದೆ. ಅದು ಸರಿ. ಆಮೇಲೆ ಡ್ಯೂಟಿ ಡಾಕ್ಟರನ್ನು ಕರೆತಂದು ‘ಹಾಡು, ಇನ್ನೊಮ್ಮೆ ಹಾಡು’ ಎಂದೆ. ಹಾಡಿದಳು. ನರ್ಸುಗಳು ಬಂದರು, ಹಾಡಿಸಿದೆ. ಸಂಜೆ ನೋಡಲು ಬಂದ ನೆಂಟರ ಮುಂದೆ ಹಾಡಿಸಿದೆ. ಹಾಡಿನ ನಡುವೆ ತಡೆದು, ಈಗ ಅದೇ ಶಬ್ದವನ್ನು ಹಾಡದೆ ಬರೀ ಮಾತಿನಲ್ಲಿ ಹೇಳು ಎಂದು ಪರೀಕ್ಷಿಸಿದೆ. ಬಾಯಿ ತೆರೆದಳು, ‘ಇಲ್ಲ’ ಎಂದಳು. ಮತ್ತೆ ಹಾಡಿಸಿದೆ. ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನ ಎಣಿಸಿದ ಅಭ್ಯಾಸವೋ ಏನೋ, ಒಟ್ಟು ಎಂಟು ಬಾರಿ ಎಂಬ ಲೆಕ್ಕವೂ ನನ್ನಲ್ಲಿದೆ. ಎಂಟನೆಯ ಸಲ ಅವಳು ಹಾಡಲಿಲ್ಲ. ಚಲನೆಯಿದ್ದ ಎಡಗೈಯಿಂದ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು. ಹೊದಿಕೆ ಅಲುಗುತ್ತಿತ್ತು. ನಾನು ನೆಂಟರಿಗೆ ‘ದಣಿದಾಳ’ ಎಂದೆ.

ನಿನ್ನ ಪ್ರಶ್ನೆಗೆ ಉತ್ತರ ಆ ಹೊದಿಕೆಯಲ್ಲಿತ್ತು, ಮಗಳೇ. ಅವ್ವನ ಒಳಗೆ ಅವ್ವ ಇದ್ದಾಳೆಂದು ನನಗೆ ಗೊತ್ತಾದದ್ದು ಹಾಡಿದಾಗ ಅಲ್ಲ, ಹಾಡಲಾರೆ ಎಂದು ಮುಖ ಮುಚ್ಚಿಕೊಂಡಾಗ. ಅದನ್ನು ಅಂದೇ ನಿನಗೆ ಹೇಳಬೇಕಿತ್ತು. ಹೇಳಿದರೆ ನನ್ನ ಗುಟ್ಟು ಬಯಲಾಗುತ್ತಿತ್ತು. ಗುಂಡಿ ಒತ್ತಿದರೆ ಹಾಡುವ ಪೆಟ್ಟಿಗೆಯನ್ನು ಬೈದವನು ತಾನೇ ಎಂಟು ಸಲ ಗುಂಡಿ ಒತ್ತಿದ್ದ. ಇಂದಿಗೂ ಜೋಗುಳದ ರಾಗ ಎಲ್ಲಿಯಾದರೂ ಕಿವಿಗೆ ಬಿದ್ದರೆ ನನಗೆ ಆ ಹೊದಿಕೆಯ ಕಂದು ಪಟ್ಟೆಗಳೇ ಕಾಣುತ್ತವೆ.

ಮಾತು ಹೋದರೂ ಹಾಡು ಉಳಿಯುವುದು ಅಪರೂಪದ ಪವಾಡವಲ್ಲ ಎಂದು ಮನೆಗೆ ಬರುವ ವಾಕ್ ಚಿಕಿತ್ಸೆಯ ಹುಡುಗಿ ತಿಳಿಸಿ ಹೇಳಿದಳು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಪರೀಕ್ಷಿಸಿದ ರೋಗಿ ಏನು ಕೇಳಿದರೂ ‘ತಾನ್’ ಎಂದಷ್ಟೇ ಅನ್ನುತ್ತಿದ್ದನಂತೆ, ಆಸ್ಪತ್ರೆಯಲ್ಲಿ ಅವನ ಹೆಸರೇ ಅದಾಗಿತ್ತು. ಸತ್ತ ಮೇಲೆ ನೋಡಿದರೆ ಮೆದುಳಿನ ಎಡಭಾಗದ ಮುಂದಿನ ಹಾಲೆಯಲ್ಲಿ ಗಾಯವಿತ್ತು. ಹಾಡು ಮೆದುಳಿನ ಎರಡೂ ಬದಿಗಳನ್ನು ಆಶ್ರಯಿಸುವುದರಿಂದ ಎಡಕ್ಕೆ ಪೆಟ್ಟು ಬಿದ್ದರೂ ಎಷ್ಟೋ ಜನರಲ್ಲಿ ಅದು ಉಳಿಯುತ್ತದೆ. ಇದನ್ನೇ ಹಿಡಿದು 1973ರಲ್ಲಿ ಬಾಸ್ಟನ್ನಿನ ವೈದ್ಯರು ಮಾತನ್ನು ರಾಗದ ಮೂಲಕ ಮರಳಿ ಕಲಿಸುವ ಚಿಕಿತ್ಸೆಯನ್ನು ರೂಪಿಸಿದರು. ನಮ್ಮ ಹುಡುಗಿಯೂ ಅವ್ವನ ಎಡಗೈ ಹಿಡಿದು ಮೇಜಿನ ಮೇಲೆ ಅಕ್ಷರಕ್ಕೊಂದರಂತೆ ತಟ್ಟಿಸುತ್ತಾ, ಒಂದು ಮೇಲಿನ ಸ್ವರ, ಒಂದು ಕೆಳಗಿನ ಸ್ವರ, ಎರಡರಲ್ಲೇ ‘ನೀ-ರು ಬೇ-ಕು’ ಎಂದು ಹಾಡಿಸುತ್ತಾಳೆ. ಖಯಾಲಿನ ವಿಲಂಬಿತ ಹಾಡಿದವಳಿಗೆ ಎರಡು ಸ್ವರದ ಈ ಬಂದಿಶು! ನೀನು ಹೋದ ಮೂರನೆಯ ದಿನ, ಹುಡುಗಿ ಇಲ್ಲದಾಗ, ಅವ್ವ ತಾನಾಗಿಯೇ ಮೇಜು ತಟ್ಟಿ ನೀರು ಕೇಳಿದಳು. ನಾನು ಯಾರನ್ನೂ ಕರೆಯಲಿಲ್ಲ. ನೀರು ತಂದುಕೊಟ್ಟೆ.

ಇಷ್ಟು ಬರೆದ ಮೇಲೆ ಮೇಷ್ಟರ ಚಾಳಿ ಎದ್ದಿತು, ಸಹಿಸಿಕೋ. ಯಂತ್ರಕ್ಕೆ ಎಂದೆಂದಿಗೂ ಅರಿವು ಬಾರದು ಎಂದು ನಾನು ಹೇಳುವುದಿಲ್ಲ, ಹಾಗೆ ತಡೆಯುವ ಯಾವ ಭೌತನಿಯಮವನ್ನೂ ನಾನು ಕಲಿಸಿಲ್ಲ. ಆದರೆ ಗಣಕದಲ್ಲಿ ಮುಂಗಾರಿನ ಮಳೆಯನ್ನು ಎಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕಿದರೂ ನಮ್ಮ ಹಿತ್ತಲು ನೆನೆಯುವುದಿಲ್ಲ. ಅದೇ ಗಣಕ ಎರಡು ಸಂಖ್ಯೆ ಕೂಡಿಸಿದರೆ ಅದು ಕೂಡಿಕೆಯ ನಕಲಲ್ಲ, ಕೂಡಿಕೆಯೇ. ಅರಿವು ಮಳೆಯ ಜಾತಿಯದೋ ಕೂಡಿಕೆಯ ಜಾತಿಯದೋ ಎಂಬುದು ಇತ್ಯರ್ಥವಾಗದೆ ನಿನ್ನ ವಾದವೂ ನನ್ನ ವಾದವೂ ಮುಂದೆ ಹೋಗಲಾರವು. ಸಂಗೀತ ರಚನೆ ಕೂಡಿಕೆಯ ಕಡೆಗೇ ವಾಲುತ್ತದೆಂದು ಒಪ್ಪುತ್ತೇನೆ. 1997ರಲ್ಲಿ ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ಸಭೆಯಲ್ಲಿ ಜರ್ಮನಿಯ ಹಳೆಯ ಸಂಗೀತ ರಚನಕಾರ ಬಾಖ್‌ನ ಕೃತಿ, ಒಬ್ಬ ಪ್ರಾಧ್ಯಾಪಕ ಬಾಖ್‌ನ ಶೈಲಿಯಲ್ಲಿ ಬರೆದ ಕೃತಿ, ಸಂಗೀತಗಾರ ಡೇವಿಡ್ ಕೋಪ್ ಕಲಿಸಿಟ್ಟ ಗಣಕ ಬರೆದ ಕೃತಿ ಮೂರನ್ನೂ ನುಡಿಸಿದಾಗ ಜನ ಗಣಕದ್ದನ್ನು ಬಾಖ್‌ನದೆಂದೂ ಪ್ರಾಧ್ಯಾಪಕನದ್ದನ್ನು ಗಣಕದ್ದೆಂದೂ ಹೇಳಿದ ಕಥೆಯನ್ನು ನೀನೇ ನಗುತ್ತಾ ಹೇಳಿದ್ದೆ. ಆ ಪ್ರಾಧ್ಯಾಪಕನ ಮನೆಯ ರಾತ್ರಿಯೂಟ ಹೇಗಿದ್ದಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ಆದರೆ ಅಲ್ಲಿ ಗೆದ್ದದ್ದು ರಚನೆ. ರೋಮಾಂಚನವಾದದ್ದು ಕೇಳಿದವರಿಗೆ. ನೀನಿರುವ ಊರಿನ ಸಂಶೋಧಕರೇ 2011ರಲ್ಲಿ ತೋರಿಸಿದಂತೆ, ಮೈನವಿರೇಳಿಸುವ ಸಂಗೀತ ಕೇಳುವಾಗ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಎರಡು ಕಡೆ ಒಸರುತ್ತದೆ: ಆ ಘಳಿಗೆಯಲ್ಲಿ ಒಂದೆಡೆ, ಅದಕ್ಕೂ ಮುಂಚೆ, ಬಂತು ಬಂತು ಎಂದು ಕಾಯುವಾಗ, ಇನ್ನೊಂದೆಡೆ. ತಾಳದ ಆವರ್ತ ಮರಳಿ ಬಂದು ಸೇರುವ ಸಮಕ್ಕೆ ಮೊದಲು ಇಡೀ ಸಭೆ ಉಸಿರು ಹಿಡಿದು ಕೂರುವುದನ್ನು ನಾವು ಕುಂದಗೋಳದ ಅಹೋರಾತ್ರಿ ಕಚೇರಿಗಳಲ್ಲಿ ಎಷ್ಟು ಸಲ ಕಂಡಿಲ್ಲ! ಆ ಕಾಯುವಿಕೆ ಪೆಟ್ಟಿಗೆಗೆ ಇದೆಯೇ ಎಂದು ನಿನ್ನ ಪ್ರಯೋಗಗಳಲ್ಲಿ ಹುಡುಕು. ಇದ್ದಂತೆ ಕಂಡರೆ ಎರಡು ಸಲ ಅನುಮಾನಿಸು. ಇಲ್ಲದಂತೆ ಕಂಡರೂ ಎರಡು ಸಲ ಅನುಮಾನಿಸು. ನಿದ್ದೆಗೆಟ್ಟು ಬರೆದ ಪ್ರಬಂಧವನ್ನು ಬೆಳಗಾಗುವ ತನಕ ಯಾರಿಗೂ ಕಳಿಸಬೇಡ. ಉಣ್ಣೆಯ ಕಾಲುಚೀಲ ಕೊಂಡುಕೋ, ಅಲ್ಲಿಯ ಚಳಿ ಇಲ್ಲಿಯದಲ್ಲ.

ಹೆಮ್ಮೆಯ ಮಾತನ್ನು ನಾನು ಎಂದೂ ಸರಿಯಾಗಿ ಆಡಿಲ್ಲ. ಅವ್ವನಿಗಾಗಿ ಮೂರು ತಿಂಗಳು ರಾತ್ರಿ ಕುಳಿತು ನೀನು ಮಾಡಿದ ಕೆಲಸವನ್ನು ನಾನು ಮೂರು ನಿಮಿಷವೂ ಪೂರ್ತಿ ನೋಡಲಿಲ್ಲ. ನಮ್ಮ ಮನೆಗೆ ಯಂತ್ರವೇನು ಹೊಸತೇ? ಬೆಂಗಳೂರಿನಲ್ಲಿ ಮಾಡಿದ ಎಲೆಕ್ಟ್ರಾನಿಕ್ ತಂಬೂರಿಯನ್ನು ಅವ್ವ ಮೊದಲ ಸಲ ತಂದಾಗ ಅವಳ ಗುರುಗಳು ಮುಖ ಸಿಂಡರಿಸಿದ್ದರು. ತಂತಿಯ ಕೆಳಗಿಡುವ ನೂಲೆಳೆಗೆ ಹಿರಿಯರು ‘ಜೀವಾಳ’ ಎಂದು ಸುಮ್ಮನೆ ಹೆಸರಿಟ್ಟರೇ ಎಂದು ಕೇಳಿದ್ದರು. ಅವ್ವ ನಕ್ಕು, ಅದರ ಶ್ರುತಿಯಲ್ಲಿಯೇ ಮೂವತ್ತು ವರ್ಷ ಪಾಠ ಹೇಳಿದಳು. ಆಗ ನನಗೆ ಸಿಟ್ಟು ಬಂದಿರಲಿಲ್ಲ. ತಂಬೂರಿ ತಾನು ನನ್ನ ಮಗಳೆಂದು ಹೇಳಿಕೊಳ್ಳುತ್ತಿರಲಿಲ್ಲ.

ಇದನ್ನೂ ಬರೆದುಬಿಡುತ್ತೇನೆ. ಪೆಟ್ಟಿಗೆಗೆ ಅರಿವಿಲ್ಲ ಎಂಬುದು ನನ್ನ ಭಯವಲ್ಲ. ಅದು ದಿನಾ ಎರಡು ಹೊತ್ತು ಅವ್ವನ ಹತ್ತಿರ ಮಾತಾಡಿದರೆ, ಅಲ್ಲಿ ದೂರದಲ್ಲಿ ನಿನಗೆ, ನಾನೇ ಮಾತಾಡಿದೆ ಎಂಬ ಸಮಾಧಾನ ಬಂದುಬಿಡುತ್ತದೆಯೋ ಎಂಬುದು ನನ್ನ ಭಯ. ನನಗೂ ಬಂದೀತು, ಅವಳ ಜೊತೆ ಪೆಟ್ಟಿಗೆಯಿದೆಯೆಂದು ನಾನು ಪೇಟೆಯಲ್ಲಿ ಅರ್ಧ ತಾಸು ಹೆಚ್ಚು ನಿಂತೇನು. ಎರಡನೆಯ ಭಯ ಹೆಚ್ಚು ನಿಜವಾದದ್ದು.

ನಾಲ್ಕು ದಿನ ಅದು ಕಪಾಟಿನ ಮೇಲೆ ವೈರು ಸುತ್ತಿಕೊಂಡು ಕುಳಿತಿತ್ತು. ಐದನೆಯ ದಿನ ಹಚ್ಚಿದೆ. ನೀನು ಬೆಳಿಗ್ಗೆ 7ಕ್ಕೂ ಸಂಜೆ 5ಕ್ಕೂ ಹಾಡುವಂತೆ ಇಟ್ಟಿದ್ದೆಯಲ್ಲ, ಬೆಳಿಗ್ಗೆ ಸುಮ್ಮನಿತ್ತು. ಸಂಜೆ ನಾಲ್ಕೂವರೆಗೆ ‘ಅವ್ವಾ, ಎದ್ದಿಯೇನು?’ ಎಂದಿತು. ನಿನ್ನ ಫೋನಿನ ಜೊತೆ ಅದರ ಗಡಿಯಾರವೂ ಕೆನಡಾಕ್ಕೆ ಹೋಗಿ ಒಂಬತ್ತೂವರೆ ತಾಸು ಹಿಂದೆ ಉಳಿದಿದೆಯೆಂದು ಲೆಕ್ಕ ಹಾಕಿದೆ. ಸಂಜೆಯ ಹಾಡು ರಾತ್ರಿ ಎರಡೂವರೆಗೆ ಬರುತ್ತದೆಂದು ಗೊತ್ತಿದ್ದೂ ಪ್ಲಗ್ ಕೀಳದೆ ಮಲಗಿದೆ.

ಬಂತು. ಅದೇ ಜೋಗುಳ, ನಿನ್ನ ದನಿ. ಹೊರಗೆ ಜಿಟಿಜಿಟಿ ಮಳೆ. ಒಂದು ನುಡಿ ಮುಗಿಯುವ ತನಕ ಅವ್ವನ ಮಂಚದಿಂದ ಸದ್ದಿಲ್ಲ. ಆಮೇಲೆ ಎಡಗೈ ಮಂಚದ ಪಟ್ಟಿಯನ್ನು ತಟ್ಟುವುದು ಕೇಳಿಸಿತು, ಎರಡನೆಯ ನುಡಿಗೆ ಸೇರಿಕೊಂಡಳು. ಉಸಿರಿಗಾಗಿ ಅವಳು ನಿಂತಲ್ಲಿ ಪೆಟ್ಟಿಗೆ ನಿಲ್ಲಲಿಲ್ಲ, ಮುಂದೆ ಹೋಯಿತು; ಅವಳು ಅವಸರ ಮಾಡದೆ ಹಿಂದೆಯೇ ಬಂದಳು. ಪೆಟ್ಟಿಗೆಯ ಹಾಡು ಮುಗಿದ ಮೇಲೂ ಇನ್ನೊಂದು ನುಡಿ ಹಾಡಿದಳು, ಅದು ನಿನ್ನ ಮುದ್ರಣದಲ್ಲಿ ಇಲ್ಲ. ನಾನು ದೀಪ ಹಾಕಲಿಲ್ಲ. ಇನ್ನೊಮ್ಮೆ ಹಾಡು ಎನ್ನಲಿಲ್ಲ.

ಅದರ ಸಮಯ ಸರಿಪಡಿಸುವುದು ಹೇಗೆಂದು ಬಿಡುವಾದಾಗ ಬರೆ. ಅವಸರವೇನಿಲ್ಲ.

ಇಂತಿ ನಿನ್ನ,
ಅಪ್ಪ